ತಿಥಿ ನೋಡಿ ಟಿಕೆಟ್ ತೆಗೆಸಿ: ಬೆನ್ಸನ್ ಟೌನಿನಿಂದ ಕಡಲ ಗಾಳಕ್ಕೆ ಕಡಿಮೆ ಖರ್ಚಿನ ದಾರಿ

ಬೆನ್ಸನ್ ಟೌನಿನಿಂದ ಯಾವ ದಿಕ್ಕಿಗೆ ಹೊರಟರೂ 300 ಕಿಲೋಮೀಟರ್ ದಾಟದೆ ಸಮುದ್ರ ಸಿಗುವುದಿಲ್ಲ. ಪೂರ್ವಕ್ಕೆ ಚೆನ್ನೈ, ಪಶ್ಚಿಮಕ್ಕೆ ಮಂಗಳೂರು; ರಸ್ತೆಯಲ್ಲಿ ಎರಡೂ 350ರ ಆಸುಪಾಸು. ನಮಗೆ ಹತ್ತಿರದ ಕಡಲೆಂದರೆ ರಾತ್ರಿ ರೈಲಿನಲ್ಲಿ ಮಲಗಿ ಬೆಳಿಗ್ಗೆ ಎದ್ದಾಗ ಸಿಗುವ ಕಡಲು. ಹಾಗಿದ್ದೂ ಕಂಟೋನ್ಮೆಂಟಿನ ಈ ಬೀದಿಗಳಲ್ಲಿ ಗಾಳದ ಹುಚ್ಚು ಹಳೆಯದು. ದಂಡಿನ ಕಾಲದಿಂದಲೂ ಇಲ್ಲಿನವರು ಮಹಸೀರ್ ಮೀನಿನ ಬೆನ್ನು ಹತ್ತಿ ಕಾವೇರಿಗೆ ಹೋಗುತ್ತಿದ್ದರು. ಕಾವೇರಿ ವನ್ಯಧಾಮದೊಳಗೆ ಗಾಳದ ಕ್ರೀಡೆ ನಿಂತ ಮೇಲೆ ಹಲವರ ಕಣ್ಣು ಕರಾವಳಿಯತ್ತ ಹೊರಳಿದೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ನಿಮಗೆ ಬೇಕಿರುವುದು ಮೀನು ಮಾತ್ರವಾದರೆ ಈ ಲೇಖನ ಮಡಚಿಟ್ಟು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ನಡೆಯಿರಿ. ಅಂಜಲ್ ಕಿಲೋಗೆ ಸಾವಿರ ಮುಟ್ಟುವ ದಿನವೂ ಅಲ್ಲಿ ಕೊಳ್ಳುವುದೇ ಅಗ್ಗ. ಕುಂದಾಪುರದ ಅಳಿವೆಯಲ್ಲಿ ನಿಂತು ನೀವು ಹಿಡಿಯುವ ನಾಲ್ಕು ಕಾಣೆ ಮೀನಿಗೆ ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟಿದರೆ ಮನೆಯವರ ಮುಖ ನೋಡಲಾಗುವುದಿಲ್ಲ. ಇಲ್ಲಿ ಉಳಿಸುವ ಮಾತು ಬರುವುದು ಹವ್ಯಾಸ ಬಿಡಲಾಗದವರಿಗೆ, ತಿಂಗಳಿಗೊಮ್ಮೆ ಹೋಗಬೇಕೆಂದಿದ್ದರೂ ಖರ್ಚಿಗೆ ಹೆದರಿ ವರ್ಷಕ್ಕೊಮ್ಮೆ ಹೋಗುವವರಿಗೆ.

ಅಂಥವರು ಉಳಿತಾಯವನ್ನು ಸಾಮಾನ್ಯವಾಗಿ ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಅಗ್ಗದ ರಾಡ್, ಅಗ್ಗದ ರೀಲ್, ಅಗ್ಗದ ರೂಮು. ಒಬ್ಬರ ಒಂದು ಪ್ರಯಾಣದ ಖರ್ಚನ್ನು ಬಿಡಿಸಿ ನೋಡಿ: ಸ್ಲೀಪರ್ ಟಿಕೆಟ್ ಒಂದು ಕಡೆಗೆ 300 ರೂಪಾಯಿಯ ಆಸುಪಾಸು, ಹೋಗಿಬರಲು 600. ಊರೊಳಗಿನ ಬಸ್ಸು, ಆಟೊಗೆ 150ರಿಂದ 200. ಊಟ ತಿಂಡಿಗೆ 400. ಎರೆಗೆ 100ರಿಂದ 150. ಕಲ್ಲಿಗೆ ಸಿಕ್ಕಿ ಹೋಗುವ ಗಾಳ, ಸೀಸ, ದಾರಕ್ಕೆ ಇನ್ನೊಂದು ನೂರು. ಒಟ್ಟು ಸುಮಾರು 1,500. ಇದರಲ್ಲಿ ಚೌಕಾಸಿ ಮಾಡಿ ಕಡಿಮೆ ಮಾಡಿಕೊಳ್ಳಬಹುದಾದದ್ದು ಅಲ್ಪ. ಆದರೆ ನೀರು ಸತ್ತಂತೆ ನಿಂತ ದಿನ ಹೋಗಿ ಬರಿಗೈಯಲ್ಲಿ ಬಂದರೆ ಆ 1,500 ಪೂರಾ ನೀರುಪಾಲು; ಅದೇ ಬೇಜಾರಿನಲ್ಲಿ ಮುಂದಿನ ಸಲ ಇನ್ನೂ ದೊಡ್ಡ ರೀಲ್ ಕೊಳ್ಳುವ ಖರ್ಚು ಬೇರೆ. ಕಡಲ ಪಕ್ಕದಲ್ಲಿರುವವನು ಇವತ್ತು ಕಚ್ಚದಿದ್ದರೆ ನಾಳೆ ಬರುತ್ತಾನೆ. ನಮಗೆ ನಾಳೆಯೆಂದರೆ ಮುಂದಿನ ತಿಂಗಳು. ಆದ್ದರಿಂದ ಬೆಂಗಳೂರಿನವನು ದುಡ್ಡು ಉಳಿಸಬೇಕಾದ ಜಾಗ ಅಂಗಡಿಯಲ್ಲ, ಗೋಡೆಯ ಮೇಲಿನ ಕ್ಯಾಲೆಂಡರ್.

ಮೊದಲು ತಿಥಿ, ಆಮೇಲೆ ರಜೆ

ಉಬ್ಬರ-ಇಳಿತ ಚಂದ್ರನ ಲೆಕ್ಕದಲ್ಲಿ ನಡೆಯುತ್ತದೆ. ನಮ್ಮ ಪಂಚಾಂಗವೂ ಹಾಗೆಯೇ. ಒಂಟಿಕೊಪ್ಪಲ್ ಪಂಚಾಂಗವೋ ತಾರೀಖಿನ ಕೆಳಗೆ ತಿಥಿ ಅಚ್ಚಾದ ಯಾವುದಾದರೂ ಕ್ಯಾಲೆಂಡರೋ ಮನೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಹುಣ್ಣಿಮೆ, ಅಮಾವಾಸ್ಯೆಯಂದು ಮತ್ತು ಅವುಗಳ ಮರುದಿನ, ಮೂರನೆಯ ದಿನ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿ, ನವಮಿಯ ಹೊತ್ತಿಗೆ ಏರಿಳಿತ ಕುಗ್ಗಿ ನೀರಿನ ಓಟ ಮಂದವಾಗುತ್ತದೆ. ಖಂಬಾತ್ ಕೊಲ್ಲಿಯಲ್ಲಿ ಈ ಏರಿಳಿತ 10 ಮೀಟರ್ ಮೀರುವುದುಂಟು. ನಮ್ಮ ಕರಾವಳಿಯಲ್ಲಿ ಹುಣ್ಣಿಮೆಗೂ ಒಂದು, ಒಂದೂವರೆ ಮೀಟರ್ ಅಷ್ಟೆ. ಕೇಳಲು ಸಣ್ಣದೆನಿಸಿದರೂ ಅಳಿವೆಯ ಇಕ್ಕಟ್ಟಿನಲ್ಲಿ ಅಷ್ಟು ನೀರು ಒಳನುಗ್ಗಿ ಹೊರಹರಿಯುವಾಗ ಸಿಗಡಿ, ಸಣ್ಣ ಮೀನು ಅದರ ಜೊತೆ ತೇಲಿಬರುತ್ತವೆ. ಅವನ್ನು ಕಾದು ದೊಡ್ಡ ಮೀನು ಅಳಿವೆಯ ಬಾಗಿಲಿಗೆ ಬರುತ್ತದೆ. ಅದನ್ನು ಕಾದು ನಾವು.

ದಿನದಲ್ಲಿ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತು ಏರಿದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಇದೊಂದು ನೆನಪಿದ್ದರೆ ಸಾಕು: ಒಂದು ದಿನದ ಉಬ್ಬರದ ವೇಳೆ ಗೊತ್ತಾದರೆ ಮುಂದಿನ ಶನಿವಾರದ್ದನ್ನು ಬೆರಳಲ್ಲೇ ಎಣಿಸಬಹುದು. ಕರಾರುವಾಕ್ಕಾಗಿ ಬೇಕಿದ್ದರೆ ಭಾರತೀಯ ಸರ್ವೇಕ್ಷಣಾ ಇಲಾಖೆ ಬಂದರುಗಳ ಉಬ್ಬರ-ಇಳಿತದ ಕೋಷ್ಟಕವನ್ನು ಪ್ರತಿವರ್ಷ ಮುಂಚಿತವಾಗಿಯೇ ಹೊರತರುತ್ತದೆ. ಮೊಬೈಲಿನಲ್ಲಿಯೂ ಪುಕ್ಕಟೆಯಾಗಿ ನೋಡಬಹುದು. ಇದಕ್ಕಾಗಿ ದುಡ್ಡು ಕೇಳುವ ಆ್ಯಪ್ ಯಾವುದೂ ಬೇಕಿಲ್ಲ.

ಅಳಿವೆಯಲ್ಲಿ ಒಳ್ಳೆಯ ಹೊತ್ತೆಂದರೆ ನೀರು ತುಂಬುವ ಕೊನೆಯ ಎರಡು ತಾಸು ಮತ್ತು ತಿರುಗಿ ಇಳಿಯತೊಡಗುವ ಮೊದಲ ತಾಸು. ಆ ಮೂರು ತಾಸು ಬೆಳಗಿನ ಜಾವಕ್ಕೋ ಸಂಜೆಗೋ ಬೀಳುವ ವಾರಾಂತ್ಯವನ್ನು ಗುರುತಿಸಿ. ಹೊಸಬರು ಮಾತ್ರ ನೇರ ಹುಣ್ಣಿಮೆಯ ದಿನ ಹೋಗಬೇಡಿ ಎನ್ನುತ್ತೇನೆ. ಆ ದಿನದ ಸೆಳೆತಕ್ಕೆ ಭಾರದ ಸೀಸ ಬೇಕು, ಅದು ದಾರವನ್ನು ಕಲ್ಲಿನತ್ತ ಎಳೆದೊಯ್ಯುತ್ತದೆ, ಸಾಮಾನು ಕಳೆಯುತ್ತದೆ. ಹುಣ್ಣಿಮೆಯಾಗಿ ಮೂರು ನಾಲ್ಕು ದಿನ ಕಳೆದ ಚೌತಿ, ಪಂಚಮಿ ಕಲಿಯುವವರಿಗೆ ಹದ.

ರೈಲ್ವೆಯ ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. 60 ದಿನದಲ್ಲಿ ಎರಡು ಹುಣ್ಣಿಮೆ, ಎರಡು ಅಮಾವಾಸ್ಯೆ. ನಾಲ್ಕರಲ್ಲಿ ವಾರಾಂತ್ಯದ ಆಸುಪಾಸಿಗೆ ಬೀಳುವವು ಯಾವುವೆಂದು ಗುರುತಿಸಿ. ಅವನ್ನು ನೋಡಿ ಟಿಕೆಟ್ ತೆಗೆಸಿ, ಆಮೇಲೆ ಆಫೀಸಿನಲ್ಲಿ ರಜೆ ಕೇಳಿ. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ರಜೆ ಸಿಕ್ಕ ಗುರುವಾರ ತತ್ಕಾಲ್‌ಗೆ ಹೆಚ್ಚಿನ ದರ ಕೊಟ್ಟು ಅಷ್ಟಮಿಯ ಸತ್ತ ನೀರಿಗೆ ಗಾಳ ಹಾಕಿ ಬರುತ್ತಾರೆ.

ಎರಡು ಕಡಲು, ಎರಡು ಋತು

ಕಂಟೋನ್ಮೆಂಟಿನವರಿಗೆ ಇರುವ ಅನುಕೂಲ ಕುಂದಾಪುರದವರಿಗೂ ಇಲ್ಲ: ನಾವು ಎರಡು ಕಡಲುಗಳ ನಡುವೆ ಇದ್ದೇವೆ. ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಕರ್ನಾಟಕದಲ್ಲಿ ಯಾಂತ್ರೀಕೃತ ದೋಣಿಗಳೂ 10 ಅಶ್ವಶಕ್ತಿ ಮೀರಿದ ಎಂಜಿನ್ ಕಟ್ಟಿದ ದೋಣಿಗಳೂ ಆಗ ದಡದಲ್ಲೇ. ಗಾಳದವನಿಗೆ ನಿಷೇಧಕ್ಕಿಂತ ಮುಖ್ಯವಾದದ್ದು ಮಳೆಗಾಲದ ಕಡಲಿನ ಸಿಟ್ಟು. ಜೂನ್‌ನಿಂದ ಆಗಸ್ಟ್‌ವರೆಗೆ ತಡೆಗೋಡೆಯ ಕಲ್ಲಿನ ಮೇಲೆ ನಿಲ್ಲುವುದು ಹುಚ್ಚುತನ. ಘಟ್ಟದ ರೈಲನ್ನೂ ಆಗ ನಂಬುವಂತಿಲ್ಲ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಕುಸಿದು ರೈಲು ಸಂಚಾರ ದಿನಗಟ್ಟಲೆ ನಿಂತಿತ್ತು. ಪಶ್ಚಿಮದ ಒಳ್ಳೆಯ ಕಾಲ ಸೆಪ್ಟೆಂಬರ್ ಕೊನೆಗೆ ಶುರು. ನದಿಯ ಕೆಂಪು ನೀರು ತಿಳಿಯಾಗುತ್ತಾ ಬಂದಂತೆ ಅಳಿವೆಗಳು ಕಳೆಗಟ್ಟುತ್ತವೆ. ಫೆಬ್ರವರಿವರೆಗೆ ಹವೆಯೂ ಹಿತ.

ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಅಲ್ಲಿ ಕಡಲು ಕೆಡುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. ಎಂದರೆ ಜುಲೈ, ಆಗಸ್ಟಿನಲ್ಲಿ ಕೈ ತುರಿಸಿದರೆ ಕಂಟೋನ್ಮೆಂಟ್ ನಿಲ್ದಾಣ ಇರುವ ಚೆನ್ನೈ ಮಾರ್ಗವನ್ನೇ ಹಿಡಿಯಿರಿ. ಬೃಂದಾವನ, ಲಾಲ್‌ಬಾಗ್ ಎಕ್ಸ್‌ಪ್ರೆಸ್‌ಗಳ ಕಾಲದಿಂದ ಈ ಭಾಗದವರಿಗೆ ಅದು ಮನೆಯ ದಾರಿ. ತಮಿಳು ಬರುವ ನೆರೆಯವರೊಬ್ಬರು ಜೊತೆಗಿದ್ದರೆ ಎರೆ ಎಲ್ಲಿ, ಮೀನು ಎಲ್ಲಿ ಎಂದು ಕೇಳುವ ಕಷ್ಟವೂ ಇಲ್ಲ. ಮಹಾಬಲಿಪುರದ ಕಡೆಯ ಮರಳುದಂಡೆಗಳಿಗೆ ಚೆನ್ನೈನಿಂದ ಸಾದಾ ಬಸ್ಸಿದೆ. ಅಲ್ಲಿ ಉಬ್ಬರ-ಇಳಿತದ ಅಂತರ ಇನ್ನೂ ಕಡಿಮೆ, ಆದ್ದರಿಂದ ತಿಥಿಗಿಂತ ಗಾಳಿಯನ್ನು ನೋಡಬೇಕು. ಬೆಳಗಿನ ಗಾಳಿ ಏಳುವ ಮುಂಚಿನ ಎರಡು ತಾಸೇ ನಿಮ್ಮದು. ಕಂಟೋನ್ಮೆಂಟ್ ನಿಲ್ದಾಣದ ಪುನರಭಿವೃದ್ಧಿ ಕಾಮಗಾರಿಯಿಂದ ಕೆಲವು ರೈಲುಗಳ ನಿಲುಗಡೆ ಬದಲಾಗಿದ್ದುಂಟು, ಟಿಕೆಟ್ ತೆಗೆಸುವಾಗ ಅದನ್ನೊಮ್ಮೆ ನೋಡಿಕೊಳ್ಳಿ. ಉಳಿದಂತೆ ನನ್ನ ಮನಸ್ಸು ಪಶ್ಚಿಮದ ಕಡೆಗೇ. ಮುಂದಿನ ಮಾತೂ ಅಲ್ಲಿನದೇ.

ರೂಮು ಬೇಡದ ಪ್ರಯಾಣ

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿ ರೈಲಿನ ಹೆಸರು ಪಂಚಗಂಗಾ ಎಕ್ಸ್‌ಪ್ರೆಸ್. ಗಂಗೊಳ್ಳಿಯ ಬಳಿ ಕಡಲು ಸೇರುವ ಐದು ನದಿಗಳ ಹೆಸರು ಹೊತ್ತ ಈ ರೈಲು ಗಾಳದವರಿಗೆಂದೇ ಬಿಟ್ಟಂತಿದೆ. ಸಂಜೆ ಹೊರಟು, ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 57 ಸುರಂಗಗಳನ್ನು ನೀವು ನಿದ್ದೆಯಲ್ಲಿರುವಾಗಲೇ ದಾಟಿ, ಬೆಳಕು ಹರಿಯುವ ಮುಂಚೆ ಉಡುಪಿ, ಕುಂದಾಪುರ ತಲುಪಿಸುತ್ತದೆ. ಮರಳುವಾಗ ಸಂಜೆ ಕಾರವಾರ ಬಿಟ್ಟು ರಾತ್ರಿ ಈ ಊರುಗಳನ್ನು ಹಾದುಹೋಗುತ್ತದೆ. ಶುಕ್ರವಾರ ರಾತ್ರಿ ಹೊರಟರೆ ಶನಿವಾರ ಇಡೀ ಹಗಲು ನಿಮ್ಮದು. ಭಾನುವಾರ ಬೆಳಿಗ್ಗೆ ಮನೆಯಲ್ಲಿರುತ್ತೀರಿ. ರೂಮಿನ ಬಾಡಿಗೆಯೇ ಇಲ್ಲ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಬೇರೆಯಾಗುತ್ತದೆ ಎಂಬುದೊಂದು ಗಮನದಲ್ಲಿರಲಿ.

ಪೂರ್ವ ಬೆಂಗಳೂರಿನವರಿಗೆ ಇನ್ನೊಂದು ದಾರಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ಅಲ್ಲಿಂದ ಮುರುಡೇಶ್ವರಕ್ಕೆ ರೈಲಿದೆ. ಮೈಸೂರು ಸುತ್ತಿ ಹೋಗುವುದರಿಂದ ತಡ. ಬೆಳಗಿನ ನೀರು ಕೈತಪ್ಪುತ್ತದೆ, ಸಂಜೆಯ ಉಬ್ಬರ ನಂಬಿ ಹೋಗುವವರಿಗೆ ಸರಿ. ಇನ್ನು ಪಂಚಗಂಗಾ ಹತ್ತಲು ಬೆನ್ಸನ್ ಟೌನಿನಿಂದ ಮೆಜೆಸ್ಟಿಕ್ಕಿಗೆ ಸಂಜೆಯ ಟ್ರಾಫಿಕ್ಕಿನಲ್ಲಿ ಆಟೊ ಹತ್ತುವ ಅಗತ್ಯವಿಲ್ಲ. ಕಂಟೋನ್ಮೆಂಟಿನಿಂದ ಸಿಟಿ ಸ್ಟೇಷನ್ನಿಗೆ ಪ್ಯಾಸೆಂಜರ್ ಅಥವಾ ಮೆಮು ರೈಲಿನಲ್ಲಿ 10 ರೂಪಾಯಿಯ ಟಿಕೆಟ್ ಸಾಕು.

ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರೆ ಲೆಕ್ಕ ಬದಲಾಗುತ್ತದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸಿನಲ್ಲಿ ಅವರಿಗೆ ಕರಾವಳಿಯವರೆಗೂ ಟಿಕೆಟ್ ದುಡ್ಡಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಸ್ಲೀಪರ್ ಮತ್ತಿತರ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸದು. ಕರಾವಳಿಗೆ ಹೋದ ಮೇಲೆ ಊರೂರು ತಿರುಗುವುದು ಹೆಚ್ಚಾಗಿ ಖಾಸಗಿ ಬಸ್ಸುಗಳಲ್ಲಿ. ಅಲ್ಲಿಯೂ ಶಕ್ತಿ ನಡೆಯುವುದಿಲ್ಲ.

ಕಾರಿನ ಪ್ರಶ್ನೆ ಯಾವಾಗಲೂ ಬರುತ್ತದೆ. ಉಡುಪಿಗೆ ಹೋಗಿಬರಲು ಸುಮಾರು 800 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಹಿಡಿದರೆ 53 ಲೀಟರ್ ಪೆಟ್ರೋಲ್, ನೂರರ ಮೇಲಿನ ದರದಲ್ಲಿ ಐದೂವರೆ ಸಾವಿರ, ಮೇಲೆ ಟೋಲ್. ನಾಲ್ವರು ಹಂಚಿಕೊಂಡರೂ ರೈಲಿನ ಎರಡೂವರೆ ಪಾಲು. ಜೊತೆಗೆ ರಾತ್ರಿಯಿಡೀ ಶಿರಾಡಿ ಘಾಟಿ ಇಳಿಸಿದವನು ಬೆಳಿಗ್ಗೆ ಗಾಳ ಹಿಡಿಯುವುದಿಲ್ಲ, ನಿದ್ದೆ ಹೋಗುತ್ತಾನೆ. ಅವನಿಗೊಂದು ರೂಮು ಬೇಕು.

ಸ್ಲೀಪರ್ ಬೋಗಿಯಲ್ಲಿ 40 ಕಿಲೋವರೆಗೆ ಸಾಮಾನಿಗೆ ದುಡ್ಡಿಲ್ಲ, ತೂಕದ ಚಿಂತೆ ಬೇಡ. ತೊಂದರೆಯಿರುವುದು ರಾಡಿನ ಉದ್ದದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರಿಂಚಿನ ಪಿವಿಸಿ ಪೈಪನ್ನು ರಾಡಿನ ತುಂಡಿಗಿಂತ ನಾಲ್ಕು ಬೆರಳು ಉದ್ದಕ್ಕೆ ಕತ್ತರಿಸಿಕೊಂಡು ಎರಡೂ ಕಡೆ ಮುಚ್ಚಳ ಹಾಕಿ. ಎರಡು ಮೂರು ರಾಡು ಅದರಲ್ಲಿ ಹಿಡಿಯುತ್ತವೆ, ಮೇಲಿನ ಬರ್ತಿನಲ್ಲಿ ನಿಮ್ಮ ಪಕ್ಕ ಮಲಗುತ್ತವೆ. ಅಂಗಡಿಯ ರಾಡ್ ಚೀಲದ ಬೆಲೆಯಲ್ಲಿ ಇಂಥ ನಾಲ್ಕು ಪೈಪು ಬರುತ್ತವೆ.

ಎಲ್ಲಿ ಜಿಪುಣತನ ಬೇಡ

ಸಾಮಾನಿನಲ್ಲಿ ಒಂದೇ ಒಂದರ ಮೇಲೆ ಕೈಬಿಚ್ಚಿ ಖರ್ಚು ಮಾಡಿ, ಅದು ರೀಲ್. ಉಪ್ಪುನೀರು ಅಗ್ಗದ ರೀಲಿನ ಬೇರಿಂಗನ್ನು ಒಂದು ಋತುವಿನಲ್ಲಿ ತಿಂದುಹಾಕುತ್ತದೆ. 3000 ಅಥವಾ 4000 ಅಳತೆಯ, ಸಮುದ್ರಕ್ಕೆಂದೇ ಮಾಡಿದ ಸಾಧಾರಣ ರೀಲ್ ಒಂದಿದ್ದರೆ ಸಣ್ಣ ಕಾಣೆಯಿಂದ ಹಿಡಿದು ದೊಡ್ಡ ಕೆಂಬೇರಿ ಮೀನಿನವರೆಗೆ ಸಾಕು. ರಾಡ್ ಎಂಟು ಅಡಿಯ ಎರಡು ತುಂಡಿನದು. ಮಡಚಿ ಒಂದಡಿ ಮಾಡಬಹುದಾದ ಟೆಲಿಸ್ಕೋಪಿಕ್ ರಾಡ್ ರೈಲಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ; ಆದರೆ ಕೀಲುಗಳಲ್ಲಿ ಮರಳು ಕೂತರೆ ಬಿಚ್ಚದು, ಬಿಚ್ಚಿದರೆ ಮುಚ್ಚದು. ರೀಲು, ರಾಡು, ಪೆಟ್ಟಿಗೆ, ಬಣ್ಣಬಣ್ಣದ ಕೃತಕ ಮೀನು ಎಲ್ಲ ಸೇರಿಸಿ ಮಾರುವ ‘ಸೆಟ್’ಗಳತ್ತ ತಿರುಗಿಯೂ ನೋಡಬೇಡಿ.

ಮನೆಗೆ ಬಂದ ಕೂಡಲೇ ರೀಲಿನ ಬಿಗಿ ಸಡಿಲಿಸಿ ಸಿಹಿನೀರು ಹನಿಸಿ ತೊಳೆದು, ನೆರಳಲ್ಲಿ ಒಣಗಿಸಿ, ಒಂದು ತೊಟ್ಟು ಎಣ್ಣೆ ಬಿಡಿ. ನಲ್ಲಿಯ ರಭಸದ ನೀರಿಗೆ ಹಿಡಿದರೆ ಉಪ್ಪು ಒಳಗೇ ಹೋಗುತ್ತದೆ. ಅರ್ಧ ಬಕೆಟ್ ಸಾಕು. 2024ರ ಬೇಸಿಗೆಯ ನೀರಿನ ಬರ ಕಂಡ ಬೆಂಗಳೂರಿನವರಿಗೆ ಅರ್ಧ ಬಕೆಟ್ಟಿನಲ್ಲಿ ಏನೇನು ಮಾಡಬಹುದೆಂದು ಹೇಳಿಕೊಡಬೇಕಿಲ್ಲ. ಈ ಹತ್ತು ನಿಮಿಷದ ಕೆಲಸ ಮಾಡಿದವನ ರೀಲ್ ವರ್ಷಗಟ್ಟಲೆ ಬಾಳುತ್ತದೆ.

ಕೃತಕ ಮೀನುಗಳ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ತಡೆಗೋಡೆಯ ಕಲ್ಲುಗಳ ನಡುವೆ ಅವನ್ನು ಎಸೆಯುವುದು ಕಡಲಿಗೆ ನೋಟು ಎಸೆದಂತೆ. ಒಂದೊಂದೂ ನೂರಿನ್ನೂರು ರೂಪಾಯಿಯದು, ನಾಲ್ಕು ಎಸೆತಕ್ಕೊಂದು ಕಲ್ಲುಪಾಲು. ಗಾಳಕ್ಕೆ ಸಿಗಡಿ ಚುಚ್ಚಿ ತಳಕ್ಕೆ ಬಿಡುವ ಹಳೆಯ ಕ್ರಮಕ್ಕೆ ಖರ್ಚು ಕಡಿಮೆ, ಫಲ ಹೆಚ್ಚು. ಅದರಲ್ಲೂ ಒಂದು ಯುಕ್ತಿಯಿದೆ. ಸೀಸದ ಗುಂಡನ್ನು ಮುಖ್ಯ ದಾರಕ್ಕೆ ನೇರ ಕಟ್ಟದೆ, ಅದಕ್ಕಿಂತ ತೀರ ಸಪೂರ ದಾರದ ತುಂಡಿನಿಂದ ಕಟ್ಟಬೇಕು. ಕಲ್ಲಿಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಗುಂಡೇ. ಎಳೆದಾಗ ಸಪೂರ ದಾರ ತುಂಡಾಗಿ ಗುಂಡು ಮಾತ್ರ ಉಳಿಯುತ್ತದೆ. ಗಾಳ, ದಾರ, ಕಚ್ಚಿದ ಮೀನು ಕೈಗೆ ಬರುತ್ತವೆ. ಆ ಗುಂಡೂ ಸೀಸದ್ದೇ ಆಗಬೇಕಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ತುಕ್ಕುಹಿಡಿದ ಹಳೆಯ ನಟ್ಟುಗಳು ಇದಕ್ಕೆ ಸರಿಹೋಗುತ್ತವೆ. ಸೀಸ ವಿಷ, ಕಬ್ಬಿಣ ತುಕ್ಕಾಗಿ ಕರಗಿಹೋಗುತ್ತದೆ. ಹಾಗಾಗಿ ಕಡಲಿಗೂ ಇದೇ ವಾಸಿ.

ಗಾಳ, ನೈಲಾನ್ ತಂಗೂಸು ಇವನ್ನು ಬೆಂಗಳೂರಿನಲ್ಲಿ ಕೊಳ್ಳುವುದೇ ಬೇಡ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬಂದರು ಇಲ್ಲೆಲ್ಲ ಮೀನುಗಾರರಿಗೇ ಮಾರುವ ಅಂಗಡಿಗಳಿವೆ. ಹೊಳೆಯುವ ಪ್ಯಾಕೆಟ್ ಇರುವುದಿಲ್ಲ, ಬೆಲೆಯೂ ಅಷ್ಟಿರುವುದಿಲ್ಲ. ಕಾಣೆಯ ಬಾಯಿ ಸಣ್ಣದು, 6 ಅಥವಾ 8ನೇ ನಂಬರಿನ ಗಾಳ. ಕೆಂಬೇರಿಗೆ ಅದರ ಮೂರ್ನಾಲ್ಕು ಪಟ್ಟು ದೊಡ್ಡದು. ಇಷ್ಟೂ ಬೇಡವೆನ್ನುವವರಿಗೆ ಕೈಗಾಳವಿದೆ. ಒಂದು ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ 50 ಮೀಟರ್ ದಾರ, ತುದಿಗೆ ನಟ್ಟು, ಎರಡು ಗಾಳ. ಅಳಿವೆಯ ಜಟ್ಟಿಗಳ ಮೇಲೆ ಊರಿನ ಹುಡುಗರು ಹಿಡಿಯುವುದು ಅದರಲ್ಲೇ, ಮತ್ತು ಅವರ ಚೀಲ ನಮ್ಮದಕ್ಕಿಂತ ಮೊದಲು ತುಂಬುತ್ತದೆ.

ಎರೆಗೆ ಬೆಂಗಳೂರಿನಿಂದ ಸಿಗಡಿ ಹೊತ್ತೊಯ್ಯುವವರನ್ನು ಕಂಡಿದ್ದೇನೆ. ಕಡಲಿನಿಂದ ಐಸಿನಲ್ಲಿ ಬಂದ ಸಿಗಡಿಯನ್ನು ದುಡ್ಡುಕೊಟ್ಟು ಮತ್ತೆ ಕಡಲಿಗೇ ಒಯ್ಯುವುದು! ಬೆಳಿಗ್ಗೆ ಬಂದರಿನಲ್ಲೋ ಮೀನು ಮಾರುವ ಹೆಂಗಸರ ಬುಟ್ಟಿಯಲ್ಲೋ ಸಣ್ಣ ಸಿಗಡಿ, ನಾಲ್ಕು ಬೂತಾಯಿ ಕೊಂಡರೆ ನಾಲ್ವರಿಗೆ ದಿನವಿಡೀ ಆಯಿತು. ನೀರು ಇಳಿದಾಗ ಅಳಿವೆಯ ಮರಳಲ್ಲಿ ಸಿಗುವ ಮರುವಾಯಿಯ ಮಾಂಸವನ್ನೂ ಕಾಣೆ ಬಿಡುವುದಿಲ್ಲ.

ಎಲ್ಲಿ ನಿಲ್ಲುವುದು

ಜಾಗ ಆರಿಸುವಾಗ ಮೀನಿನಷ್ಟೇ ನಿಲ್ದಾಣದ ದೂರವನ್ನೂ ಎಣಿಸಿ. ಕುಂದಾಪುರದ ನಿಲ್ದಾಣ ಇರುವುದು ಪೇಟೆಯ ಹೊರಗೆ ಮೂಡ್ಲಕಟ್ಟೆಯಲ್ಲಿ. ಕತ್ತಲಲ್ಲಿ ಇಳಿದು ಒಬ್ಬರೇ ಆಟೊ ಹಿಡಿದರೆ ಊಟದ ದುಡ್ಡು ಅಲ್ಲೇ ಹೋಯಿತು. ರೈಲಿಳಿದ ಇತರರ ಜೊತೆ ಹಂಚಿಕೊಳ್ಳಿ. ಪೇಟೆಯಿಂದ ಕೋಡಿಗೆ ಹೋದರೆ ಅಳಿವೆಯ ತಡೆಗೋಡೆ ಸಿಗುತ್ತದೆ, ಎದುರು ದಡದಲ್ಲಿ ಗಂಗೊಳ್ಳಿಯ ಬಂದರು. ಪಂಚಗಂಗಾವಳಿಯ ನೀರೆಲ್ಲ ಕಡಲಿಗಿಳಿಯುವುದು ಈ ಎರಡರ ನಡುವೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಅಲ್ಲಿ ಆಗಲೇ ಗಾಳ ಹಾಕಿ ಕೂತವರಿಂದ ಹತ್ತು ಮಾರು ದೂರ ನಿಂತು ಮೊದಲು ಅವರ ದಾರ ನೋಡಿ, ಆಮೇಲೆ ಮಾತಾಡಿಸಿ. “ಹ್ವಾಯ್, ಎಂತ ಸಿಕ್ತಾ?” ಎಂದು ಅವರೇ ಕೇಳುತ್ತಾರೆ. ಏನೂ ಇಲ್ಲವೆಂದರೆ ಯಾವ ಎರೆ, ಎಷ್ಟು ಆಳ ಎಂಬುದೂ ಬರುತ್ತದೆ. ಯಾವ ದುಬಾರಿ ಗೈಡೂ ಇಷ್ಟು ಹೇಳುವುದಿಲ್ಲ.

ಉಡುಪಿ ನಿಲ್ದಾಣ ಇಂದ್ರಾಳಿಯಲ್ಲಿದೆ, ಮಲ್ಪೆಗೆ ಬೆಳಗಾದ ಮೇಲೆ ಬಸ್ಸುಗಳು ಸಾಲುಸಾಲು. ಮಲ್ಪೆಯ ಮುಖ್ಯ ದಂಡೆಯಲ್ಲಿ ವಾರಾಂತ್ಯ ಜನಜಂಗುಳಿ, ಗಾಳ ಎಸೆಯುವಂತಿಲ್ಲ. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯತ್ತ ಹೋದರೆ ಒಂದು ಪಕ್ಕ ಕಡಲು, ಒಂದು ಪಕ್ಕ ಹೊಳೆ; ಅಲೆ ಜೋರಿದ್ದರೆ ಹೊಳೆಯ ಕಡೆ ತಿರುಗಿ ಕೂತರಾಯಿತು.

ಮಂಗಳೂರಿಗೆ ಹೋದರೆ ನೇತ್ರಾವತಿ–ಗುರುಪುರ ಅಳಿವೆಯ ಬೆಂಗರೆ. ಬಂದರಿನಿಂದ ಬೆಂಗರೆಗೆ ಜನ ದಿನವೂ ಓಡಾಡುವ ಕಡವಿನ ದೋಣಿಯಿದೆ, ಅಲ್ಪ ಚಿಲ್ಲರೆಗೆ ದಾಟಿಸುತ್ತದೆ. ಗಾಳದ ವಿದ್ಯೆಗೂ ಮಂಗಳೂರಿಗೂ ಹಳೆಯ ನಂಟು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮೊದಲು ಅಚ್ಚಾದದ್ದು ಅಲ್ಲೇ. ಮುಂದೆ ಎಷ್ಟೋ ಕಾಲ ದಂಡಿನ ದೊರೆಗಳಿಗೆ ಅದೇ ಕೈಪಿಡಿಯಾಗಿತ್ತು. ಪಣಂಬೂರಿನ ನವಮಂಗಳೂರು ಬಂದರಿನ ಆವರಣಕ್ಕೆ ಮಾತ್ರ ಗಾಳ ಹಿಡಿದು ಹೋಗಬೇಡಿ, ಅದು ಕಾವಲಿರುವ ಜಾಗ. ಬೇರೆ ಬಂದರುಗಳ ಜಟ್ಟಿಗಳಲ್ಲೂ ಕೇಳಿಯೇ ನಿಲ್ಲುವುದು ಮರ್ಯಾದೆ. ದೋಣಿ ಕಟ್ಟುವವರ ದಾರಿಗೆ ಅಡ್ಡ ಬಂದರೆ ಯಾರೂ ಸುಮ್ಮನಿರುವುದಿಲ್ಲ.

ದೋಣಿ ಬಾಡಿಗೆಗೆ ಹಿಡಿದು ಆಳಸಮುದ್ರಕ್ಕೆ ಹೋಗುವುದು ಸಾವಿರಗಳ ಲೆಕ್ಕ. ಹೋಗಲೇಬೇಕಿದ್ದರೆ ನಾಲ್ವರು ಸೇರಿ, ಡೀಸೆಲ್, ಎರೆ, ಐಸು ಬಾಡಿಗೆಯಲ್ಲಿ ಸೇರಿದೆಯೇ ಎಂದು ಹೊರಡುವ ಮುನ್ನ ಕೇಳಿ, ಲೈಫ್ ಜಾಕೆಟ್ ಇಲ್ಲದ ದೋಣಿಯನ್ನು ಎಷ್ಟು ಅಗ್ಗವಾದರೂ ಹತ್ತಬೇಡಿ. ಅಳಿವೆಯೊಳಗೆ ನಾಡದೋಣಿಯಲ್ಲಿ ಎರಡು ತಾಸು ಕೂರುವುದು ಇದರ ಸಣ್ಣ ಪಾಲಿಗೆ ಆಗುತ್ತದೆ, ಕೆಂಬೇರಿ ಇರುವುದೂ ಅಲ್ಲಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲೇ.

ಹೊರಡುವ ಹಿಂದಿನ ದಿನ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಎತ್ತರದ ಅಲೆಯ ಮುನ್ನೆಚ್ಚರಿಕೆಯನ್ನು ನೋಡಿ. ಆಕಾಶ ತಿಳಿಯಾಗಿರುವಾಗಲೂ ದೂರದ ಸಾಗರದಲ್ಲಿ ಹುಟ್ಟಿದ ಅಲೆಗಳು ನಮ್ಮ ದಂಡೆಗೆ ಬಂದು ಅಪ್ಪಳಿಸುವುದುಂಟು. ಎಚ್ಚರಿಕೆ ಇದ್ದರೆ ಟಿಕೆಟ್ ರದ್ದು ಮಾಡಿ. ಕನ್ಫರ್ಮ್ ಸ್ಲೀಪರ್ ಟಿಕೆಟ್ಟನ್ನು ಬೇಗ ರದ್ದು ಮಾಡಿದರೆ ಹೋಗುವ ದುಡ್ಡು ಕಡಿಮೆ, ತೀರ ತಡವಾದರೆ ಹೆಚ್ಚು.

ಹಿಡಿದ ಎಲ್ಲವನ್ನೂ ಚೀಲಕ್ಕೆ ಹಾಕುವಂತಿಲ್ಲ. ಗಿಟಾರ್ ಮೀನು, ಗರಗಸ ಮೀನು, ಕಡಲ ಕುದುರೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. 2022ರ ತಿದ್ದುಪಡಿಯಲ್ಲಿ ಇನ್ನಷ್ಟು ಶಾರ್ಕ್, ತೊರಕೆಗಳು ಸೇರಿವೆ. ಗುರುತು ಸಿಗದ ಶಾರ್ಕನ್ನೋ ತೊರಕೆಯನ್ನೋ ದಾರ ಕತ್ತರಿಸಿ ನೀರಿಗೆ ಬಿಡುವುದು ದಂಡಕ್ಕಿಂತ ಅಗ್ಗ. ಹೊಟ್ಟೆ ಉಬ್ಬಿಸಿಕೊಳ್ಳುವ ಮೀನು ಸಿಕ್ಕರೆ ತಿನ್ನುವ ಯೋಚನೆಯೇ ಬೇಡ, ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ಮೀಸೆಯಿರುವ ಕಡಲ ಮೀನಿನ ಬೆನ್ನಿನ ಮತ್ತು ಪಕ್ಕದ ಮುಳ್ಳು ಚುಚ್ಚಿದರೆ ದಿನವಿಡೀ ಉರಿ. ಗಾಳ ಬಿಡಿಸಲು ಒಂದು ಹಳೆಯ ಇಕ್ಕಳ ಜೇಬಿನಲ್ಲಿರಲಿ.

ಊಟ ಬಂದರಿನ ಹತ್ತಿರದ ಸಣ್ಣ ಹೋಟೆಲಿನಲ್ಲಿ. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಮೇಲೊಂದು ಬಂಗುಡೆ ಫ್ರೈ. ಹೆದ್ದಾರಿ ಪಕ್ಕದ ದೊಡ್ಡ ಬೋರ್ಡಿನ ಹೋಟೆಲಿಗಿಂತ ದರ ಕಡಿಮೆ, ಮೀನು ತಾಜಾ. ಹಗಲು ನೀರು ಇಳಿದ ನಾಲ್ಕೈದು ತಾಸು ಬಿಸಿಲಲ್ಲಿ ನಿಂತು ಎರೆ ಖರ್ಚು ಮಾಡುವುದಕ್ಕಿಂತ ಉಂಡು, ಗಾಳಿಮರದ ನೆರಳಲ್ಲಿ ಮಲಗಿ ಸಂಜೆಯ ಉಬ್ಬರಕ್ಕೆ ಏಳುವುದು ಒಳ್ಳೆಯದು.

ಮೀನನ್ನು ಬೆಂಗಳೂರಿಗೆ ತರುವವರು ಅಲ್ಲೇ ಕರುಳು, ಕಿವಿರು ತೆಗೆದು, ಸಮುದ್ರದ ನೀರಿನಲ್ಲೇ ತೊಳೆದುಕೊಳ್ಳಿ. ಥರ್ಮೊಕೋಲ್ ಡಬ್ಬಿ ಮೀನು ವ್ಯಾಪಾರಿಗಳ ಹತ್ತಿರ ಬಳಸಿದ್ದೇ ಸಿಗುತ್ತದೆ, ಐಸು ಬಂದರಿನ ಐಸ್ ಫ್ಯಾಕ್ಟರಿಯಲ್ಲಿ. ಮೀನನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸಿನ ನೀರು ಮುಟ್ಟದಂತೆ ಇಟ್ಟು, ಡಬ್ಬಿಯ ಬಾಯಿಗೆ ಸುತ್ತಲೂ ಟೇಪು ಹಚ್ಚಿ. ಸೋರಿದರೆ ಸಹಪ್ರಯಾಣಿಕರ ಜಗಳ, ಟಿಟಿಇ ಬಂದರೆ ಇನ್ನೊಂದು ಜಗಳ. ಏನೂ ಸಿಗದ ದಿನ ಮಲ್ಪೆಯಲ್ಲಿ ದೋಣಿಗಳು ಮೀನು ಇಳಿಸುವ ಹೊತ್ತಿಗೆ ಹೋಗಿ ನಾಲ್ವರು ಸೇರಿ ಒಂದು ಬುಟ್ಟಿ ಬಂಗುಡೆ ಹರಾಜಿನಲ್ಲಿ ಹಿಡಿಯಿರಿ. ಬೆಂಗಳೂರಿನ ದರಕ್ಕೂ ಅಲ್ಲಿನ ದರಕ್ಕೂ ಇರುವ ಅಂತರದಲ್ಲಿ ಒಂದು ಕಡೆಯ ರೈಲು ಚಾರ್ಜಿನ ಒಂದು ಪಾಲಾದರೂ ಹುಟ್ಟುತ್ತದೆ. ಅದನ್ನು ನೀವೇ ಹಿಡಿದದ್ದೆಂದು ಮನೆಯಲ್ಲಿ ಹೇಳುವುದಾದರೆ ಎಲ್ಲವೂ ಒಂದೇ ಅಳತೆಯವಾಗಿರದಂತೆ ಆರಿಸಿಕೊಳ್ಳಿ.